ಟ್ಯೂಬಿಂಗನ್‌ಗೆ ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ಮೈಸೂರಿನಿಂದ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿಮ್ಮಮ್ಮ ನಿನ್ನೆ ಫೋನು ಮಾಡಿ, ನಿನ್ನ ಪೆಟ್ಟಿಗೆಗೆ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಎಲ್ಲ ಕಟ್ಟಿ ಇಟ್ಟದ್ದಾಯಿತು ಅಂದಳು. ಒಳ್ಳೆಯದೇ. ಹೊತ್ತುಕೊಂಡು ಹೋಗು, ಜ್ವರ ಬಂದ ದಿನ ಒಂದು ಲೋಟ ಬಿಸಿ ಸಾರು ಕೊಡುವ ಧೈರ್ಯವನ್ನು ಬೇರೆ ಯಾವುದೂ ಕೊಡುವುದಿಲ್ಲ. ಆದರೆ ಎರಡು ವರ್ಷವೂ ಆ ಪುಡಿಗಳ ಮೇಲೇ ಬದುಕಬೇಡ ಅಂತ ಹೇಳುವುದಕ್ಕೇ ಈ ಕಾಗದ. ನಿನ್ನ ದೊಡ್ಡಪ್ಪನ ಕೆಲಸದ ಮೇಲೆ ನಾವು ಸ್ಟುಟ್‌ಗಾರ್ಟ್‌ನಲ್ಲಿದ್ದ ನಾಲ್ಕು ವರ್ಷದಲ್ಲಿ ಮೊದಲ ಆರು ತಿಂಗಳನ್ನು ನಾನು ಹಾಗೆ ಕಳೆದುಬಿಟ್ಟೆ. ಆ ಆರು ತಿಂಗಳು ಈಗಲೂ ನನಗೆ ಹೊಟ್ಟೆಯುರಿ.

ಕಣ್ಣು ತೆರೆಸಿದ್ದು ಮನೆಯೊಡತಿ. ಒಂದು ಸಂಜೆ ಊಟಕ್ಕೆ ಕರೆದರು. ನಾನು ಮಧ್ಯಾಹ್ನದಿಂದ ಏನೂ ತಿನ್ನದೆ, ರೇಷ್ಮೆ ಸೀರೆ ಉಟ್ಟು ಹೋದೆ. ಮೇಜಿನ ಮೇಲೆ ಒಬ್ಬೊಬ್ಬರ ಮುಂದೆ ಒಂದೊಂದು ಪುಟ್ಟ ಮರದ ಹಲಗೆ, ಒಂದು ಚಾಕು. ನಡುವೆ ಬ್ರೆಡ್ಡು, ಬೆಣ್ಣೆ, ಎರಡು ಥರದ ಚೀಸು, ಮೂಲಂಗಿ ಬಿಲ್ಲೆ, ಹುಳಿ ಸೌತೆಕಾಯಿ. ಒಲೆಯ ಮೇಲೆ ಏನೂ ಇಲ್ಲ. ಕರೆದವರಿಗೆ ಇಷ್ಟೇ ಬಡಿಸುತ್ತಾರಾ ಅಂತ ಮನಸ್ಸು ಸಣ್ಣಗಾಯಿತು. ಆಮೇಲೆ ತಿಳಿಯಿತು: ಅವರಲ್ಲಿ ಬೇಯಿಸಿದ ಬಿಸಿ ಊಟ ಮಧ್ಯಾಹ್ನಕ್ಕೆ, ರಾತ್ರಿಯದು ಬ್ರೆಡ್ಡಿನ ಊಟ. ಅದರ ಹೆಸರೇ ಆಬೆಂಡ್‌ಬ್ರೋಟ್, ಅಂದರೆ ಸಂಜೆಯ ಬ್ರೆಡ್ಡು. ಆ ಹಲಗೆಗೆ ನನ್ನನ್ನು ಕರೆದದ್ದು ಮನೆಯವಳು ಅಂದುಕೊಂಡೇ. ನಿನ್ನನ್ನೂ ಯಾರಾದರೂ ಕರೆದರೆ ಇಲ್ಲ ಅನ್ನಬೇಡ.

ಬ್ರೆಡ್ಡು ಅಂದೊಡನೆ ನಮ್ಮ ಬೇಕರಿಯ ಬಿಳಿ, ಮೆತ್ತನೆಯ ತುಂಡನ್ನು ನೆನೆಸಿಕೊಳ್ಳಬೇಡ. ಅಲ್ಲಿಯದು ಕಂದು ಬಣ್ಣದ್ದು, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ, ಮೇಲಿನ ಕರಕನ್ನು ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ರೈ ಎಂಬ ಧಾನ್ಯದ ಹಿಟ್ಟು ಅದು. ಗೋಧಿಯ ಹಾಗೆ ಅದು ಎಳೆ ಕಟ್ಟಿಕೊಳ್ಳುವುದಿಲ್ಲ. ಚೆನ್ನಾಗಿ ಹುಳಿ ಬಂದಿರದಿದ್ದರೆ ಬೆಂದ ಮೇಲೂ ಒಳಗೆ ಅಂಟಂಟಾಗಿ ಉಳಿಯುತ್ತದೆ. ಆದ್ದರಿಂದ ಹಳೆಯ ಹುಳಿಹಿಟ್ಟನ್ನು ಸ್ವಲ್ಪ ಉಳಿಸಿಕೊಂಡು ಹೊಸದಕ್ಕೆ ಬೆರೆಸುತ್ತಾರೆ, ನಾವು ಹೆಪ್ಪಿಗೆ ಮೊಸರು ಉಳಿಸಿಕೊಳ್ಳುವ ಹಾಗೆ. ದೋಸೆಯ ಹುಳಿ ತಿಂದು ಬೆಳೆದ ನಾಲಿಗೆಗೆ ಆ ರುಚಿ ಹೊಸದಲ್ಲ, ಎರಡು ವಾರ ಬಿಡದೆ ತಿಂದು ನೋಡು. ವೆಸ್ಟ್‌ಫಾಲಿಯಾ ಸೀಮೆಯ ಪಂಪರ್‌ನಿಕಲ್ ಅಂತ ಇನ್ನೂ ಕಪ್ಪನೆಯದೊಂದಿದೆ. ಅದನ್ನು ಸಣ್ಣ ಉರಿಯಲ್ಲಿ 16 ಗಂಟೆಗೂ ಹೆಚ್ಚು ಹೊತ್ತು ಬೇಯಿಸುತ್ತಾರೆ. ಬೆಲ್ಲ ಹಾಕದೆಯೇ ಒಂದು ಕಾಕಂಬಿಯಂಥ ಸಿಹಿ ಇಳಿದಿರುತ್ತದೆ. ತೆಳ್ಳಗೆ ಕೊಯ್ದು ಬೆಣ್ಣೆ ಸವರಿ ತಿನ್ನು.

ನೀನು ಮೊಟ್ಟೆ ತಿನ್ನುತ್ತೀಯ, ಮಾಂಸ ಒಲ್ಲೆ. ಅದಕ್ಕೆ ಒಂದು ಪದ ಬಾಯಿಪಾಠ ಮಾಡಿಕೊ: ಶ್ಪೆಕ್. ಉಪ್ಪು ಹಚ್ಚಿ ಹೊಗೆ ಹಾಕಿದ ಹಂದಿಯ ಕೊಬ್ಬು. ಹುರಿದ ಆಲೂಗಡ್ಡೆ, ಹುರುಳಿಕಾಯಿ ಪಲ್ಯ, ಬೇಳೆ, ಎಲೆಕೋಸು, ನಾವು ತರಕಾರಿ ಅಂದುಕೊಳ್ಳುವ ಎಲ್ಲದರಲ್ಲೂ ಅದು ಸಣ್ಣ ಸಣ್ಣ ಚೂರಾಗಿ ಇರಬಹುದು. ‘ಇಸ್ಟ್ ದಾ ಶ್ಪೆಕ್ ದ್ರಿನ್?’ ಅಂತ ಸಂಕೋಚವಿಲ್ಲದೆ ಕೇಳು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಸೂಪನ್ನು ಮಾಂಸದ ನೀರಿನಲ್ಲಿ ಮಾಡಿದ್ದಾರಾ ಅಂತಲೂ ಕೇಳು. ಇದನ್ನು ಕೇಳದೆ ನಾನು ಒಮ್ಮೆ ಅರ್ಧ ತಟ್ಟೆ ಬೇಳೆ ತಿಂದು, ಆಮೇಲೆ ಇಡೀ ದಿನ ಸಂಕಟಪಟ್ಟೆ.

ನಿನ್ನ ಪುಣ್ಯಕ್ಕೆ ನೀನು ಹೋಗುತ್ತಿರುವುದು ಶ್ವಾಬಿಯನ್ನರ ಸೀಮೆಗೆ. ಅಲ್ಲಿಯ ಶ್ಪೆಟ್ಸ್‌ಲೆ ಮಾಡುವುದನ್ನು ಕಣ್ಣಾರೆ ನೋಡು. ಮೈದಾ, ಮೊಟ್ಟೆ, ಉಪ್ಪು ಸೇರಿಸಿ ಹಿಟ್ಟಿನಲ್ಲಿ ಗುಳ್ಳೆ ಏಳುವವರೆಗೆ ಮರದ ಸೌಟಿನಿಂದ ಬಡಿಯುತ್ತಾರೆ. ಒಂದು ಒದ್ದೆ ಹಲಗೆಯ ಮೇಲೆ ಹರಡಿ, ಅಗಲ ಚಾಕುವಿನಿಂದ ಎಳೆ ಎಳೆಯಾಗಿ ಕುದಿಯುವ ನೀರಿಗೆ ಕೆರೆದು ಹಾಕುತ್ತಾರೆ. ತೇಲಿ ಬಂದಕೂಡಲೇ ಜಾಲರಿ ಸೌಟಿನಲ್ಲಿ ಎತ್ತಿ, ಒಂದು ಪದರ ಅದು, ಒಂದು ಪದರ ತುರಿದ ಚೀಸು, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಇದು ಕೇಸೆಶ್ಪೆಟ್ಸ್‌ಲೆ. ಚಳಿಗಾಲದ ಮಧ್ಯಾಹ್ನಕ್ಕೆ ಇದಕ್ಕಿಂತ ಸಮಾಧಾನದ ಊಟ ನನಗೆ ಅಲ್ಲಿ ಸಿಗಲಿಲ್ಲ. ಆಲೂಗಡ್ಡೆ ತುರಿದು ತವೆಯ ಮೇಲೆ ಗರಿಗರಿಯಾಗಿ ಸುಟ್ಟ ದೋಸೆಯಂಥದ್ದನ್ನು ಸೇಬಿನ ಗೊಜ್ಜಿನ ಜೊತೆ ಕೊಡುತ್ತಾರೆ, ಅದೂ ನಿನಗೆ ಹಿಡಿಸುತ್ತದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಏಳು ಬಗೆಯ ಸೊಪ್ಪು ಹೆಚ್ಚಿ ಮಾಡುವ ಹಸಿರು ಗೊಜ್ಜನ್ನು, ಬೇಯಿಸಿದ ಮೊಟ್ಟೆ, ಆಲೂಗಡ್ಡೆಯ ಜೊತೆ ತಿನ್ನು. ಮಾಂಸ ತಿನ್ನುವ ಗೆಳತಿಯರಿದ್ದರೆ, ಮ್ಯೂನಿಕ್‌ನ ಬಿಳಿ ಸಾಸೇಜನ್ನು ಹನ್ನೆರಡು ಗಂಟೆ ಹೊಡೆಯುವುದರೊಳಗೆ ತಿನ್ನುವುದು ಅಲ್ಲಿಯ ಪದ್ಧತಿ ಅಂತ ಹೇಳು.

ಏಪ್ರಿಲ್‌ನಲ್ಲಿ ಸಂತೆಗೆ ಬೆಳ್ಳಗಿನ ಶ್ಪಾರ್ಗೆಲ್ ಬರುತ್ತದೆ. ಆಸ್ಪರಾಗಸ್ಸೇ, ಆದರೆ ಬಿಸಿಲು ಸೋಕದಂತೆ ಮಣ್ಣು ಏರಿಸಿ ಬೆಳೆಸಿದ್ದರಿಂದ ಬಿಳಿ. ಜೂನ್ 24ಕ್ಕೆ ಕೊಯ್ಲು ನಿಲ್ಲಿಸುತ್ತಾರೆ, ಮುಂದಿನ ವರ್ಷಕ್ಕೆ ಗಿಡ ಚೇತರಿಸಿಕೊಳ್ಳಲಿ ಅಂತ. ಆ ಎರಡು ತಿಂಗಳು ಊರಿಗೆ ಊರೇ ಅದನ್ನು ತಿನ್ನುವುದನ್ನು ನೋಡಿ ನನಗೆ ನಮ್ಮ ಅವರೆಕಾಯಿ ಕಾಲ ನೆನಪಾಗುತ್ತಿತ್ತು. ಸಿಪ್ಪೆ ದಪ್ಪಗೆ ಹೆರೆ, ಇಲ್ಲದಿದ್ದರೆ ನಾರು. ಹೋಟೆಲಿನಲ್ಲಾದರೆ ಜೊತೆಗೆ ಹಂದಿಮಾಂಸ ಬರುತ್ತದೆ, ಬೇಡ ಅನ್ನು.

ಹೋಟೆಲಿನ ರೀತಿ ಸ್ವಲ್ಪ ಹೇಳುತ್ತೇನೆ. ಬರೀ ನೀರು ಅಂದರೆ ಗುಳ್ಳೆ ಏಳುವ ಸೋಡದಂಥ ನೀರು ಬಂದೀತು, ‘ಶ್ಟಿಲ್’ ಅನ್ನು. ಅದಕ್ಕೂ ದುಡ್ಡು. ಮೇಜಿನ ಮೇಲೆ ‘ಶ್ಟಾಮ್‌ಟಿಶ್’ ಅಂತ ಫಲಕವಿದ್ದರೆ ಅದು ದಿನಾ ಬರುವವರ ಜಾಗ, ಅಲ್ಲಿ ಕೂರಬೇಡ. ಎಲ್ಲರ ತಟ್ಟೆ ಬಂದು ‘ಗೂಟೆನ್ ಅಪೆಟಿಟ್’ ಅನ್ನುವವರೆಗೆ ಕಾಯಿ. ಅವರವರ ತಟ್ಟೆ ಅವರವರದು. ನಮ್ಮ ಹಾಗೆ ಪಕ್ಕದವರ ತಟ್ಟೆಗೆ ಕೈ ಹಾಕಿ ರುಚಿ ನೋಡುವ ಸಲಿಗೆ ಬೆಳೆಯಲು ದಿನ ಬೇಕು. ಊಟ ಮುಗಿದರೆ ಚಾಕು, ಫೋರ್ಕು ಒಂದರ ಪಕ್ಕ ಒಂದು ಇಡು. ಬಿಲ್ಲು ಕೇಳದೆ ತರುವುದಿಲ್ಲ, ಹೊರಗೆ ಹೋಗು ಅಂತ ಅವಸರಪಡಿಸಬಾರದು ಅಂತ. ಒಟ್ಟಿಗೋ ಬೇರೆ ಬೇರೆಯೋ ಅಂತ ಕೇಳುತ್ತಾರೆ, ಬೇರೆ ಅಂದರೆ ಯಾರೂ ತಪ್ಪು ತಿಳಿಯರು. ಟಿಪ್ಸನ್ನು ಮೇಜಿನ ಮೇಲೆ ಬಿಟ್ಟು ಬರುವ ರೂಢಿಯಿಲ್ಲ. 18 ಯೂರೋ ಆದರೆ ‘20’ ಅಂತ ಹೇಳಿ ಕೊಡು, ಸಾಕು. ಕೈಯಲ್ಲಿ ಸ್ವಲ್ಪ ನಗದು ಇರಲಿ. ಪ್ಲಾಸ್ಟಿಕ್ ನೀರಿನ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ. ಎಸೆಯದೆ ಅಂಗಡಿಗೆ ವಾಪಸು ಕೊಡು.

ಇನ್ನು ಒಂದೇ ಒಂದು ಆಸೆ. ನಮ್ಮ ಮನೆಯ ಕಪಾಟಿನಲ್ಲಿರುವ ಕಿಟೆಲ್ ನಿಘಂಟು ನಿನಗೆ ಗೊತ್ತು, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಆ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ನೀನು ಓದಲು ಹೋಗುವ ಟ್ಯೂಬಿಂಗನ್‌ನಲ್ಲೇ. ಹುಟ್ಟಿದ್ದು ದೂರದ ಉತ್ತರದಲ್ಲಿ, ಈಸ್ಟ್ ಫ್ರೀಸಿಯಾದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ರಜೆಯಲ್ಲಿ ಆ ಕಡೆ ಹೋಗು. ಅದು ಚಹಾದ ಸೀಮೆ, ಕುಡಿಯುವುದು ಹೆಚ್ಚಾಗಿ ಅಸ್ಸಾಮಿನ ಎಲೆ ಬೆರೆತ ಚಹಾ. ತೆಳ್ಳನೆಯ ಪುಟ್ಟ ಬಟ್ಟಲಿಗೆ ಮೊದಲು ಒಂದು ಕಲ್ಲುಸಕ್ಕರೆ ಹಾಕುತ್ತಾರೆ. ಬಿಸಿ ಚಹಾ ಬಿದ್ದೊಡನೆ ಅದು ಚಟ್ ಅನ್ನುತ್ತದೆ. ಆಮೇಲೆ ಅಂಚಿನಲ್ಲಿ ಒಂದು ಚಮಚ ಕೆನೆ ಇಳಿಬಿಡುತ್ತಾರೆ, ಅದು ತಳಕ್ಕೆ ಹೋಗಿ ಮೋಡದ ಹಾಗೆ ಮೇಲೆ ಬರುತ್ತದೆ. ಕಲಕಬೇಡ. ಮೊದಲು ಕೆನೆ, ಆಮೇಲೆ ಚಹಾದ ಒಗರು, ತಳದಲ್ಲಿ ಸಿಹಿ, ಹಾಗೇ ಒಂದೊಂದಾಗಿ ಬರಲಿ. ಮೂರು ಬಟ್ಟಲು ಕುಡಿಯುವುದು ಮರ್ಯಾದೆ. ಮೂರಾದ ಮೇಲೆ ಚಮಚವನ್ನು ಬಟ್ಟಲೊಳಗೆ ಇಡು, ಇಲ್ಲದಿದ್ದರೆ ಮತ್ತೆ ಸುರಿಯುತ್ತಲೇ ಇರುತ್ತಾರೆ.

ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಶನಿವಾರವೇ ಬ್ರೆಡ್ಡು, ಬೆಣ್ಣೆ, ಹಾಲು ತಂದಿಟ್ಟುಕೊ. ಮೊದಲ ಬ್ರೆಡ್ಡು ಯಾವುದು ಕೊಂಡೆ, ಕರಕು ಹೇಗಿತ್ತು ಅಂತ ಬರೆ. ದೊಡ್ಡಪ್ಪನೂ ಕಾಯುತ್ತಿರುತ್ತಾರೆ.

ನಿನ್ನ ಪ್ರೀತಿಯ
ದೊಡ್ಡಮ್ಮ