ಸೆಪ್ಟಿಕ್ ಟ್ಯಾಂಕ್: ಮುಚ್ಚಳ ತೆಗೆಯುವ ಮುನ್ನ ಓದಿ



ಹೃದಯದ ಡಾಕ್ಟರಿಗೂ ಸೆಪ್ಟಿಕ್ ಟ್ಯಾಂಕಿಗೂ ಏನು ಸಂಬಂಧ ಅಂತ ನಿಮಗೆ ಅನಿಸಬಹುದು. ನಾವಿರುವುದು ಪುಣೆಯ ಹೊರವಲಯದಲ್ಲಿ. ಇಲ್ಲಿಗೆ ಇನ್ನೂ ಒಳಚರಂಡಿ ಬಂದಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಒಂದು ಮನೆಯ ಟ್ಯಾಂಕ್ ತುಂಬಿ ಉಕ್ಕಿತು. ಮನೆಯವರು ಹಗ್ಗ, ಬಕೆಟ್ ಹಿಡಿದ ಇಬ್ಬರು ಹುಡುಗರನ್ನು ಕರೆಸಿದ್ದರು. ಒಬ್ಬ ಆಗಲೇ ಏಣಿ ಇಳಿಸುತ್ತಿದ್ದ. ಓಡಿಹೋಗಿ ತಡೆದೆ. "ವಾಸನೆಯೇ ಇಲ್ಲ ಸರ್, ಏನೂ ಆಗಲ್ಲ" ಎಂದ. ಆ ಮಾತೇ ಈ ಲೇಖನಕ್ಕೆ ಕಾರಣ.

*ವಾಸನೆ ಇಲ್ಲದಿದ್ದರೂ ಅಪಾಯ ಇರುತ್ತದೆ*
ಟ್ಯಾಂಕಿನಲ್ಲಿ ಮಲ ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ಈ ಅನಿಲ ಜೀವಕೋಶಗಳು ಆಮ್ಲಜನಕ ಬಳಸುವುದನ್ನೇ ತಡೆಯುತ್ತದೆ. ಮೆದುಳು, ಹೃದಯ ಬೇಗ ಸೋಲುತ್ತವೆ. ಕೆಲವೇ ಉಸಿರಿನಲ್ಲಿ ಎಚ್ಚರ ತಪ್ಪಬಹುದು. ಮೂಗಿಗೆ ಬಟ್ಟೆ ಕಟ್ಟಿದರೆ ಉಪಯೋಗವಿಲ್ಲ. ಮೀಥೇನ್ ಹೊತ್ತಿಕೊಳ್ಳುತ್ತದೆ, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ರಕ್ಷಣಾ ಸಾಧನವಿಲ್ಲದೆ ಜನರನ್ನು ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

*ಟ್ಯಾಂಕ್ ಕೆಡದಂತೆ ನೋಡಿಕೊಳ್ಳುವುದು ಹೇಗೆ?*
✅ 2–3 ವರ್ಷಕ್ಕೊಮ್ಮೆ ಸಕ್ಕಿಂಗ್ ಮಷಿನ್ ಲಾರಿ ಕರೆಸಿ ಹೂಳು ತೆಗೆಸಿ. ಉಕ್ಕುವವರೆಗೆ ಕಾಯಬೇಡಿ. ತಳದಲ್ಲಿ ಸ್ವಲ್ಪ ಹೂಳು ಉಳಿಯಲಿ, ಕೊಳೆಸುವ ಬ್ಯಾಕ್ಟೀರಿಯಾ ಅದರಲ್ಲೇ ಇರುತ್ತವೆ.
✅ ಆ್ಯಸಿಡ್, ಬ್ಲೀಚಿಂಗ್ ಪುಡಿ ಸುರಿಯಬೇಡಿ, ಆ ಬ್ಯಾಕ್ಟೀರಿಯಾ ಸಾಯುತ್ತವೆ.
✅ ಪ್ಯಾಡ್, ಡೈಪರ್, ವೆಟ್ ವೈಪ್ಸ್, ಕರಿದ ಎಣ್ಣೆ, ಹಳೆಯ ಮಾತ್ರೆ ಟಾಯ್ಲೆಟ್ಟಿಗೆ ಹಾಕಬೇಡಿ.
✅ ಚಾವಣಿಯ ಮಳೆನೀರು ಟ್ಯಾಂಕಿಗೆ ಹೋಗದಿರಲಿ.
✅ ಗಾಳಿ ಪೈಪು ತೆರೆದಿರಲಿ, ಅದರ ತುದಿಗೆ ಸೊಳ್ಳೆ ಬಲೆ ಕಟ್ಟಿ.
✅ ಮುಚ್ಚಳ ಬಿರುಕು ಬಿಟ್ಟಿದ್ದರೆ ಇಂದೇ ಬದಲಿಸಿ. ಮಕ್ಕಳು ಓಡಾಡುವ ಜಾಗ ಅದು.
✅ ಫ್ಲಶ್ ನೀರು ನಿಧಾನವಾಗಿ ಇಳಿಯುವುದು, ಇಂಗುಗುಂಡಿಯ ಸುತ್ತ ನೆಲ ಒದ್ದೆಯಾಗುವುದು ಟ್ಯಾಂಕ್ ತುಂಬಿದ ಸೂಚನೆ.

ಲಾರಿ ಬೇಕಾದರೆ ನಗರಪಾಲಿಕೆಯನ್ನು ಕೇಳಿ, ಅಥವಾ 14420ಕ್ಕೆ ಫೋನ್ ಮಾಡಿ ನೋಡಿ.

*ಯಾರಾದರೂ ಒಳಗೆ ಬಿದ್ದರೆ*
🔴 ನೀವು ಇಳಿಯಬೇಡಿ. ಎತ್ತಲು ಹೋದವರೂ ಸಾಯುವುದು ಹೀಗೆಯೇ.
🔴 112ಕ್ಕೆ ಫೋನ್ ಮಾಡಿ, "ಟ್ಯಾಂಕಿನೊಳಗೆ ಗ್ಯಾಸ್ ಇದೆ" ಎಂದು ಹೇಳಿ. ಅಗ್ನಿಶಾಮಕ ದಳ ಬರಲಿ. ಎಚ್ಚರವಿದ್ದವರಿಗೆ ಮೇಲಿನಿಂದಲೇ ಹಗ್ಗ ಬಿಡಿ.
🔴 ಮೇಲೆತ್ತಿದ ಮೇಲೆ ತೆರೆದ ಗಾಳಿಯಲ್ಲಿ ಮಲಗಿಸಿ. ಉಸಿರಾಟವಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಬಾರಿ ಒತ್ತಿ. ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ನಮ್ಮ ಬೀದಿಗೆ ಮರುದಿನ ಲಾರಿ ಬಂತು. ಯಾರೂ ಒಳಗಿಳಿಯದೆ ಕೆಲಸ ಮುಗಿಯಿತು. ಆ ಇಬ್ಬರು ಹುಡುಗರು ಇವತ್ತಿಗೂ ನಮ್ಮ ಬೀದಿಯಲ್ಲಿ ಕಾಣಸಿಗುತ್ತಾರೆ.

ಊರಲ್ಲಿ ಅಪ್ಪ-ಅಮ್ಮ ಇಬ್ಬರೇ ಇರುವ ಮನೆಯಲ್ಲೂ ಒಂದು ಟ್ಯಾಂಕ್ ಇರುತ್ತದೆ. ಇಂದು ಸಂಜೆ ಫೋನ್ ಮಾಡಿದಾಗ "ಬಿಪಿ ಮಾತ್ರೆ ತಗೊಂಡ್ರಾ?" ಎಂದು ಕೇಳುವ ಜೊತೆಗೆ, "ಟ್ಯಾಂಕ್ ಯಾವಾಗ ಖಾಲಿ ಮಾಡಿಸಿದ್ದು?" ಅಂತಲೂ ಕೇಳಿ.