ಬೆಳಕಿಂಡಿಗೆ ಮೂರು ಮಿಲಿಮೀಟರ್

ಅಜ್ಜನ ಕಾಲದ ಮನೆಯನ್ನು ಕೆಡವದೆ ದುರಸ್ತಿಗಿಳಿದಿರುವ ಕುಂದೂರು ಸೀಮೆಯ ಕಿರಿಯ ಗೆಳೆಯನಿಗೆ,

ಹೆಂಚಿನ ಮಾಡಿಗೆ ಅಕ್ರಿಲಿಕ್ ಶೀಟಿನ ಬೆಳಕಿಂಡಿ ಕೂರಿಸಬೇಕೆಂಬ ನಿನ್ನ ಯೋಚನೆ ಒಳ್ಳೆಯದೇ. ನಮ್ಮ ಹಳೆಯ ಮನೆಗಳ ನಡುಮನೆ ಹಗಲು ಹನ್ನೆರಡಕ್ಕೂ ದೀಪ ಬೇಡುತ್ತದೆ. ಅಡುಗೆಮನೆಯ ಮೇಲಿನ ಒಂದೆರಡು ಗಾಜಿನ ಹೆಂಚು ಬಿಟ್ಟರೆ ಬೆಳಕಿಗೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಆದರೆ ಆಲೂರಿನಿಂದ ಸಕಲೇಶಪುರದ ಘಟ್ಟದಂಚಿನವರೆಗೆ ಹೊಸದಾಗಿ ಬಂದಿರುವ ಇಂಥ ಬೆಳಕಿಂಡಿಗಳ ಪಾಡು ಹೆಚ್ಚುಕಡಿಮೆ ಒಂದೇ. ಮೊದಲ ಮಳೆಗಾಲ ಚೆನ್ನಾಗಿ ಕಳೆಯುತ್ತದೆ. ಎರಡನೆಯದರಲ್ಲಿ ಮೂಲೆಯಿಂದ ತೊಟ್ಟಿಕ್ಕುತ್ತದೆ. ಮೂರನೆಯದಕ್ಕೆ ಬಕೆಟ್ಟು ಬರುತ್ತದೆ. ಆಮೇಲೆ ಪ್ರತಿ ಮೇ ತಿಂಗಳಲ್ಲಿ ಮೇಸ್ತ್ರಿ ಸಿಲಿಕೋನ್ ಗನ್ ಹಿಡಿದು ಮಾಡು ಹತ್ತುವುದು ಯುಗಾದಿಯಷ್ಟೇ ಖಚಿತವಾದ ಆಚರಣೆ. ಅಂಟು ಸಾಲದೆ ಸೋರುತ್ತಿದೆ ಎಂದುಕೊಂಡು ಅಂಟಿನ ಮೇಲೆ ಅಂಟು ಮೆತ್ತುತ್ತೇವೆ. ನನ್ನ ವಾದ ಬೇರೆ. ಶೀಟಿಗೆ ಮಿಸುಕಾಡಲು ಜಾಗ ಕೊಡದಿರುವುದರಿಂದ ಅದು ಸೋರುತ್ತಿದೆ. ಈ ಒಂದು ಮಾತನ್ನು ನಿನಗೆ ಒಪ್ಪಿಸುವುದಕ್ಕೇ ಇಷ್ಟುದ್ದದ ಕಾಗದ.

ಮೊದಲು ಲೆಕ್ಕ ನೋಡು. ಒಂದು ಮೀಟರ್ ಉದ್ದದ ಅಕ್ರಿಲಿಕ್ ಶೀಟು ಒಂದು ಡಿಗ್ರಿ ಬಿಸಿಯೇರಿದರೆ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ನಿನ್ನ ಬೆಳಕಿಂಡಿ ನಾಲ್ಕಡಿ, ಅಂದರೆ 1.2 ಮೀಟರ್ ಉದ್ದ ಎಂದಿಟ್ಟುಕೋ. ಜನವರಿಯ ಬೆಳಗಿನ ಚಳಿಯಲ್ಲಿ 15 ಡಿಗ್ರಿ ಇದ್ದ ಶೀಟು ಏಪ್ರಿಲ್ ಮಧ್ಯಾಹ್ನ, ಕಾದ ಹೆಂಚುಗಳ ನಡುವೆ, ಕೆಳಗೆ ಅಟ್ಟದ ಬಿಸಿ ತಾಗುತ್ತ 55ಕ್ಕೆ ಏರಿತು ಎಂದು ಹಿಡಿ. ಆಗ ಅದು ಮೂರೂಕಾಲು ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಅಷ್ಟೇ ಬಿಸಿಗೆ ಅದರ ಕೆಳಗಿನ ಹಲಸಿನ ಅಥವಾ ತೇಗದ ಚೌಕಟ್ಟು ಎಳೆಯುದ್ದಕ್ಕೆ ಬೆಳೆಯುವುದು ಕಾಲು ಮಿಲಿಮೀಟರಿನ ಆಸುಪಾಸು. ಒಂದು ಹಿಗ್ಗುತ್ತದೆ, ಇನ್ನೊಂದು ಕೂತಲ್ಲೇ ಕೂತಿರುತ್ತದೆ. ನಡುವೆ ಸಿಕ್ಕಿಕೊಂಡ ಅಂಟು ಹರಿಯದೆ ಏನು ಮಾಡೀತು? ಮಳೆಗಾಲದಲ್ಲಿ ಮರದ ಸರದಿ. ತೇವ ಕುಡಿದು ಅದು ಅಗಲಕ್ಕೆ ಉಬ್ಬುವ ಹೊತ್ತಿಗೆ ಶೀಟು ತಣ್ಣಗಾಗಿ ಕುಗ್ಗಿರುತ್ತದೆ.

ಹರಿಯುವ ಗಳಿಗೆಯೂ ನಾವು ಅಂದುಕೊಂಡದ್ದಲ್ಲ. ಕಾಫಿ ತೋಟದವರೆಲ್ಲ ಮಾರ್ಚ್ ಏಪ್ರಿಲ್‌ನಲ್ಲಿ ಕತ್ತೆತ್ತಿ ಕಾಯುವ ಹೂಮಳೆ ಇದೆಯಲ್ಲ, ಬೆಳಕಿಂಡಿಗೆ ಅದೇ ಮೊದಲ ಶತ್ರು. ಮಧ್ಯಾಹ್ನವಿಡೀ ಕಾದು ಪೂರ್ತಿ ಹಿಗ್ಗಿದ ಶೀಟಿನ ಮೇಲೆ ಸಂಜೆ ನಾಲ್ಕಕ್ಕೆ ಆಲಿಕಲ್ಲಿನ ಜೊತೆ ತಣ್ಣೀರು ಸುರಿಯುತ್ತದೆ, ಕೆಲವೇ ನಿಮಿಷದಲ್ಲಿ ಶೀಟು ಕುಗ್ಗುತ್ತದೆ, ಅಂಟಿನ ಅಂಚು ಕೂದಲೆಳೆಯಷ್ಟು ಬಿಡುತ್ತದೆ. ಅರ್ಧ ಗಂಟೆಯ ಮಳೆಗೆ ಆ ಬಿರುಕು ಬಾಯಿಬಿಡುವುದಿಲ್ಲ. ಆರಿದ್ರಾ ಮಳೆ ಹಗಲಿರುಳು ಹಿಡಿದಾಗ ನೀರು ಆ ಕೂದಲೆಳೆಯನ್ನು ಹುಡುಕಿಕೊಳ್ಳುತ್ತದೆ. ಗಾಯ ಮಾರ್ಚಿನದು, ನೋವು ಜೂನಿನದು. ಮೇಸ್ತ್ರಿಯನ್ನು ಬಯ್ದು ಪ್ರಯೋಜನವಿಲ್ಲ.

ಇದಕ್ಕೆ ಸಾಕ್ಷಿ ಬೇಕಾದರೆ ನಮಗಿಂತ ಕಷ್ಟದಲ್ಲಿರುವವರನ್ನು ಕೇಳಬೇಕು, ಅಂದರೆ ಹಾಯಿದೋಣಿಯವರನ್ನು. ಗುಡ್ಡದ ಮೇಲೆ ಕೂತು ಹಡಗಿನ ಮಾತೇಕೆ ಎನ್ನಬೇಡ. ಅಕ್ರಿಲಿಕ್ ಕಿಟಕಿಗೆ ಅದು ಬಲು ಕಠಿಣ ಪರೀಕ್ಷೆ. ಗೋವಾದಲ್ಲಿ ಕಟ್ಟಿದ ನೌಕಾಪಡೆಯ ತಾರಿಣಿ ಎಂಬ 55 ಅಡಿಯ ಹಾಯಿದೋಣಿಯಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಲ್ಲಿ ಹೊರಟು 2018ರ ಮೇ ತಿಂಗಳಲ್ಲಿ ಭೂಮಿ ಸುತ್ತಿ ಬಂದರು. ಅಂಥ ಪಯಣದಲ್ಲಿ ದೋಣಿಯ ಮೈ ಒಂದೊಂದು ಅಲೆಗೂ ಕೊಂಚ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಅದರ ಕಿಟಕಿ ಬಿಸಿಲಿಗೆ ಹಿಗ್ಗುವುದರ ಜೊತೆಗೆ ಈ ತಿರುಚನ್ನೂ ತಾಳಬೇಕು. ಹಳೆಯ ಹಾಯಿದೋಣಿಗಳ ಅಕ್ರಿಲಿಕ್ ಕಿಟಕಿ ಬದಲಿಸುವವರು ಕಂಡುಕೊಂಡದ್ದು ಇಷ್ಟು: ಸ್ಕ್ರೂ ಬಿಗಿಮಾಡಿ ಅಂಟನ್ನೆಲ್ಲ ಹಿಂಡಿ ಹೊರಹಾಕಿದ ಕಿಟಕಿ ಬೇಗ ಸೋರುತ್ತದೆ, ಅಂಟಿಗೆ ದಪ್ಪ ಉಳಿಸಿದ ಕಿಟಕಿ ಬಾಳುತ್ತದೆ. ಅದಕ್ಕೇ ಅವರು ಶೀಟಿನ ಅಡಿಯಲ್ಲಿ ಸಣ್ಣ ರಬ್ಬರ್ ತುಂಡುಗಳನ್ನೋ ದಪ್ಪನೆಯ ಫೋಮ್ ಟೇಪನ್ನೋ ಇಟ್ಟು, ಸುತ್ತ ಕಟ್ಟಡದ ಗಾಜಿಗೆ ಬಳಸುವ ಸಿಲಿಕೋನನ್ನು ತುಂಬಿ, ಹಿಂಡದೆ ಒಣಗಲು ಬಿಡುತ್ತಾರೆ.

ದಪ್ಪ ಏಕೆ ಬೇಕು ಎಂಬುದಕ್ಕೆ ಹೈಸ್ಕೂಲಿನ ಪೈಥಾಗೊರಸ್ ಸಾಕು. ನಿನ್ನ ಶೀಟು ನಡುವಿನಿಂದ ಎರಡೂ ಕಡೆಗೆ ಹಿಗ್ಗುತ್ತದೆ, ಅಂದರೆ ತುದಿಯಲ್ಲಿ ಸರಿಯುವುದು ಸುಮಾರು 1.7 ಮಿಲಿಮೀಟರ್. ಅಂಟಿನ ಪದರ ಅರ್ಧ ಮಿಲಿಮೀಟರ್ ಮಾತ್ರ ಇದ್ದರೆ, ನೆಟ್ಟಗೆ ನಿಂತಿದ್ದ ಅದರ ಎಳೆ ಓರೆಯಾಗಿ ಮೂರೂವರೆ ಪಟ್ಟು ಉದ್ದಕ್ಕೆ ಎಳೆಯಲ್ಪಡಬೇಕು. ಅದೇ ಪದರ 3 ಮಿಲಿಮೀಟರ್ ಇದ್ದರೆ? 3ರ ವರ್ಗ, 1.7ರ ವರ್ಗ ಕೂಡಿಸಿ ಮೂಲ ತೆಗೆ: ಮೂರೂವರೆ ಮಿಲಿಮೀಟರೂ ಆಗುವುದಿಲ್ಲ. ಎಳೆತ ಶೇಕಡಾ 15ರಷ್ಟು ಮಾತ್ರ. ಒಳ್ಳೆಯ ಸಿಲಿಕೋನ್ ಶೇಕಡಾ 25ರ ಎಳೆದಾಟವನ್ನು ವರ್ಷಗಟ್ಟಲೆ ತಾಳುತ್ತದೆ. ಅಂಟು ಅದೇ, ಶೀಟು ಅದೇ, ಬಿಸಿಲು ಅದೇ. ಎರಡೂವರೆ ಮಿಲಿಮೀಟರ್ ದಪ್ಪ ಅಷ್ಟೇ ಹೆಚ್ಚಿನದು. ಚಳಿಯ ಮುಂಜಾನೆ ಕೂರಿಸಿದ ಅತಿ ಕೆಟ್ಟ ಸಂದರ್ಭದ ಲೆಕ್ಕ ಇದು. ಫೆಬ್ರವರಿಯ ಬಿಸಿಲೇರಿದ ಹತ್ತು ಗಂಟೆಗೆ ಕೂರಿಸಿದರೆ ಎಳೆತ ಇನ್ನೂ ಕಡಿಮೆ. ಕಾಫಿ ಕೊಯ್ಲು ಮುಗಿದು ಕೈ ಬಿಡುವಾಗುವುದೂ ಆಗಲೇ.

ನಿನ್ನ ಮೇಸ್ತ್ರಿ ಒಪ್ಪಲಿಕ್ಕಿಲ್ಲ. ಸ್ಕ್ರೂ ಬಿಗಿಮಾಡದಿದ್ದರೆ ಗಾಳಿಗೆ ಹಾರಿಹೋಗುತ್ತದೆ ಎನ್ನುತ್ತಾನೆ. ಅವನ ಭಯಕ್ಕೆ ಅರ್ಥವಿದೆ; ಘಟ್ಟದ ಗಾಳಿ ಸಣ್ಣದಲ್ಲ. ಆದರೆ ಹಿಡಿದಿಡುವ ಕೆಲಸ ಬೇರೆ, ನೀರು ತಡೆಯುವ ಕೆಲಸ ಬೇರೆ. ಎರಡನ್ನೂ ಒಂದೇ ಸ್ಕ್ರೂಗೆ ಹೊರಿಸಿದ್ದೇ ತಪ್ಪು. ಶೀಟಿಗೆ ತೂತು ಕೊರೆಯದೆ, ಅದರ ಅಂಚಿನ ಮೇಲೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಸ್ಕ್ರೂಗಳನ್ನು ಶೀಟಿನ ಆಚೆ ಚೌಕಟ್ಟಿಗೆ ಹೊಡೆ. ಪಟ್ಟಿ ಮತ್ತು ಶೀಟಿನ ನಡುವೆ ರಬ್ಬರ್ ಇರಲಿ, ಮಾಮೂಲಿ ಮೆದು ಪಿವಿಸಿ ಪಟ್ಟಿ ಬೇಡ. ಅದರೊಳಗಿನ ಎಣ್ಣೆಯಂಥ ಅಂಶ ಜಿನುಗಿ ಅಕ್ರಿಲಿಕ್ಕನ್ನು ತಿನ್ನುತ್ತದೆ. ತೂತು ಕೊರೆಯಲೇಬೇಕಾದರೆ 5 ಮಿಲಿಮೀಟರ್ ಸ್ಕ್ರೂಗೆ 9 ಮಿಲಿಮೀಟರ್ ತೂತು ಬೇಕು, ತಲೆಯಡಿ ಚಪ್ಪಟೆ ವಾಷರ್ ಬೇಕು. ಬುಗುರಿಯಂತೆ ಒಳಗಿಳಿಯುವ ತಲೆಯ ಸ್ಕ್ರೂ ಆಣಿಯ ಹಾಗೆ ಶೀಟನ್ನು ಸೀಳುತ್ತದೆ. ಚೌಕಟ್ಟಿನ ಅಂಚಿಗೂ ಶೀಟಿಗೂ ನಡುವೆ ಎಲ್ಲ ಕಡೆ 4 ಮಿಲಿಮೀಟರ್ ಬಿಡು. ಮಧ್ಯೆ ಎಲ್ಲಾದರೂ ಶೀಟನ್ನು ಒಳಮೂಲೆಯಾಗಿ ಕತ್ತರಿಸಬೇಕಾಗಿ ಬಂದರೆ ಮೂಲೆಯನ್ನು ಗುಂಡಗೆ ಮಾಡು. ಎಳೆತವೆಲ್ಲ ಮೂಲೆಯಲ್ಲಿ ಬಂದು ಸೇರುತ್ತದೆ: 1954ರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದ ಕಾಮೆಟ್ ವಿಮಾನದ ಅವಶೇಷ ಎತ್ತಿ ನೋಡಿದವರು ಬಿರುಕಿನ ಮೂಲ ಹುಡುಕುತ್ತ ಹೋಗಿ ತಲುಪಿದ್ದು ಅದರ ಚಾವಣಿಯ ಒಂದು ಕಿಂಡಿಯ ಮೂಲೆಗೆ.

ಇಷ್ಟು ರಗಳೆಯ ವಸ್ತು ಯಾಕೆ, ಗಾಜೇ ಹಾಕಿಬಿಡೋಣ ಎಂದು ನೀನು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಷ್ಟೇ ಉದ್ದದ ಗಾಜು ಅಷ್ಟೇ ಬಿಸಿಗೆ ಅರ್ಧ ಮಿಲಿಮೀಟರೂ ಹಿಗ್ಗುವುದಿಲ್ಲ, ಸುಲಭಕ್ಕೆ ಗೀರೂ ಬೀಳುವುದಿಲ್ಲ. ಒಂದಡಿ ಒಂದೂವರೆ ಅಡಿಯ ಬೆಳಕು ಸಾಕಾದರೆ ನಾನೂ ಗಾಜಿನ ಹೆಂಚಿಗೇ ಮತ ಹಾಕುತ್ತೇನೆ. ಆದರೆ ನಾಲ್ಕಡಿ ಉದ್ದ ಎರಡಡಿ ಅಗಲದ 6 ಮಿಲಿಮೀಟರ್ ಗಾಜು ಸುಮಾರು 11 ಕಿಲೋ ತೂಗುತ್ತದೆ, ಅಕ್ರಿಲಿಕ್ ಅದರ ಅರ್ಧಕ್ಕೂ ಕಡಿಮೆ. ಮೇಲೆ ಸಿಲ್ವರ್ ಓಕಿನ ಕೊಂಬೆ, ಮಂಗನ ಹಿಂಡು. ಕೆಳಗೆ ಮಕ್ಕಳು ಮಲಗುವ ನಡುಮನೆ. ಪಾಲಿಕಾರ್ಬೊನೇಟ್ ಇನ್ನೂ ಗಟ್ಟಿ, ನಿಜ. ಆದರೆ ಅದೂ ಅಕ್ರಿಲಿಕ್ಕಿನಷ್ಟೇ ಹಿಗ್ಗುತ್ತದೆ, ಬೇಗ ಗೀರು ಬೀಳುತ್ತದೆ, ರಕ್ಷಾಪದರವಿಲ್ಲದ ಅಗ್ಗದ ಮಾಲು ಬಿಸಿಲಿಗೆ ಹಳದಿಗಟ್ಟುತ್ತದೆ. ಅದನ್ನು ಕೂರಿಸಿದರೂ ಸಂದಿನ ಲೆಕ್ಕ ಇದೇ.

ಅಂಟಿನ ಆಯ್ಕೆಯಲ್ಲಿ ಮೂಗು ಸಹಾಯಕ್ಕೆ ಬರುತ್ತದೆ. ಟ್ಯೂಬು ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಅದನ್ನು ಬಚ್ಚಲುಮನೆಯ ಟೈಲ್ಸಿಗೆ ಇಟ್ಟುಕೋ. ನಿನಗೆ ಬೇಕಾದದ್ದು ನ್ಯೂಟ್ರಲ್ ಎಂದು ಬರೆದಿರುವ ಸಿಲಿಕೋನ್. ಮರಗೆಲಸದವರು ಮೆಚ್ಚುವ ಪಾಲಿಯುರೆಥೇನ್ ಅಂಟು ಬಲವಾದದ್ದೇ, ಆದರೆ ಪಾರದರ್ಶಕ ಶೀಟಿನ ಮೂಲಕ ಬಿಸಿಲು ನೇರ ಅದರ ಮೇಲೆ ಬಿದ್ದು ಹಿಡಿತ ಸಡಿಲಿಸುತ್ತದೆ. ಕಾರಿನ ಮುಂಗಾಜಿನ ಅಂಚಿಗೆ ಕಪ್ಪು ಪಟ್ಟಿ ಬಳಿದಿರುವುದು ಒಳಗಿನ ಅಂಟಿಗೆ ನೆರಳು ಕೊಡಲೆಂದೇ. ಇನ್ನು ಹಳೆಯ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ; ಪ್ರತಿ ಮೇ ತಿಂಗಳ ಮೆತ್ತುವಿಕೆ ವ್ಯರ್ಥವಾಗುವುದು ಇದರಿಂದ. ಮುಂದೆ ಎಂದಾದರೂ ಅಂಟು ಬದಲಿಸುವಾಗ ಹಳೆಯದನ್ನು ಪ್ಲಾಸ್ಟಿಕ್ ಅಲಗಿನಿಂದ ಪೂರ್ತಿ ಕೆರೆದು ತೆಗೆ. ಕೆರೆಯಲು ಬೇಸರವಾಗಿ ಥಿನ್ನರ್, ಪೆಟ್ರೋಲ್, ಸ್ಪಿರಿಟ್ ಹಚ್ಚಿದೆಯೋ ಶೀಟಿನೊಳಗೆ ಜೇಡರಬಲೆಯಂಥ ಬಿರುಕು ಹರಡುತ್ತದೆ, ಅದನ್ನು ಯಾವ ಪಾಲಿಷೂ ಅಳಿಸದು. ಸೋಪಿನ ನೀರು, ಮೆತ್ತನೆ ಹತ್ತಿಬಟ್ಟೆ, ಅಷ್ಟೇ.

ಕೊನೆಗೊಂದು ಆಕ್ಷೇಪ ನಾನೇ ಎತ್ತುತ್ತೇನೆ. ಇಷ್ಟೆಲ್ಲ ಮಾಡಿದರೂ ಎಂದಾದರೂ ಅಂಟು ಸೋಲುವುದಿಲ್ಲವೇ? ಸೋಲುತ್ತದೆ. ಅದಕ್ಕೇ ಅಂಟೊಂದನ್ನೇ ನಂಬಬಾರದು. ನಿನ್ನ ತಲೆಯ ಮೇಲಿನ ಮಂಗಳೂರು ಹೆಂಚನ್ನೇ ನೋಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಘಟ್ಟ ಹತ್ತಿ ಬಂದ ಈ ಹೆಂಚು ಯಾವ ಅಂಟನ್ನೂ ಕೇಳಲಿಲ್ಲ. ಒಂದರ ಮೇಲೊಂದು ಹೊದ್ದು, ಇಳಿಜಾರಿನಲ್ಲಿ ಕೂತು, ಬಿಸಿಲಿಗೆ ತನ್ನಷ್ಟಕ್ಕೆ ಅಲುಗಾಡಿಕೊಂಡು ಮಳೆ ಇಳಿಸುತ್ತದೆ. ನಾಟಿ ಗದ್ದೆಯಲ್ಲಿ ಬೆನ್ನಿಗೇರುತ್ತಿದ್ದ ಗೊರಬೂ ಅಷ್ಟೇ, ಎಲೆಯ ಮೇಲೆ ಎಲೆ. ನಿನ್ನ ಬೆಳಕಿಂಡಿಯೂ ಅದೇ ಕ್ರಮದಲ್ಲಿ ಕೂರಲಿ: ಚೌಕಟ್ಟು ಹೆಂಚಿಗಿಂತ ಅರ್ಧ ಅಡಿ ಎತ್ತರದ ಕಟ್ಟೆಯ ಮೇಲಿರಲಿ, ಅದರ ಮೇಲಂಚಿನ ತಗಡು ಮೇಲಿನ ಸಾಲಿನ ಹೆಂಚಿನಡಿಗೆ ಹೋಗಲಿ, ಕೆಳಗಂಚಿನದು ಕೆಳಗಿನ ಸಾಲಿನ ಮೇಲೆ ಹಾಯಲಿ. ಕೆಳಗಂಚಿನ ಅಲ್ಯೂಮಿನಿಯಂ ಪಟ್ಟಿಯನ್ನು ಹೊರಗಿನಿಂದ ಪೂರ್ತಿ ಮುಚ್ಚಬೇಡ, ಎರಡು ಕಡೆ ಬೆರಳಗಲ ಬಿಡು. ಪಟ್ಟಿಯಡಿ ನುಗ್ಗಿದ ನೀರು ಅಲ್ಲಿಂದ ಹೊರಗೆ ಇಳಿಯುತ್ತದೆ.

ಶೀಟಿನ ಅಳತೆ ತೆಗೆಯುವಾಗ ಸುತ್ತ ಬಿಡಬೇಕಾದ 4 ಮಿಲಿಮೀಟರನ್ನು ಮೊದಲು ಕಳೆದುಕೋ. ಅಂಟು ಹಾಕಿದ ಮೇಲೆ ಒಂದು ವಾರ ಮೇಲೆ ಟಾರ್ಪಾಲು ಹೊದಿಸಿಡು. ಆಮೇಲೆ ನೀರಿನ ಪೈಪು ಹಿಡಿದು ಕೆಳಗಂಚಿನಿಂದ ಶುರುಮಾಡಿ ನಿಧಾನ ಮೇಲಕ್ಕೆ ಬಾ, ಒಂದೊಂದು ಕಡೆ ಐದೈದು ನಿಮಿಷ. ಒಳಗೆ ಒಬ್ಬರು ಟಾರ್ಚು ಹಿಡಿದು ನಿಂತಿರಲಿ.

ನಿನ್ನ ಹಿರಿಯ