ಕೋಟೆ ಹತ್ತುವ ಹಿರಿಯರೇ, ಇಳಿಯುವುದನ್ನು ಮೊದಲು ನೆನೆಯಿರಿ

ಅರವತ್ತು ದಾಟಿದೆ, ಎತ್ತರ ಕಂಡರೆ ಕಾಲು ನಡುಗುತ್ತದೆ, ಆದರೂ ಒಬ್ಬರೇ ಕಲಬುರಗಿ ಕೋಟೆಯ ಬುರುಜು ಏರಬೇಕೆನ್ನುತ್ತೀರಿ. ಖಂಡಿತ ಹೋಗಿ ಬನ್ನಿ. 29 ಅಡಿ ಉದ್ದದ ಬಾರಾ ಗಜಿ ತೋಪನ್ನು ಹತ್ತಿರದಿಂದ ನೋಡಿ, 1367ರ ಜಾಮಿ ಮಸೀದಿಯ ಗುಮ್ಮಟಗಳನ್ನು ಕಣ್ತುಂಬಿಕೊಳ್ಳಿ. ಆದರೆ ಹಲವರು ಎಡವುವುದು ಇಲ್ಲೇ. ಹತ್ತಲು ಧೈರ್ಯ ಕೂಡಿಸಿಕೊಂಡವರು ಇಳಿಯುವುದನ್ನೇ ಮರೆತಿರುತ್ತಾರೆ. ಹತ್ತುವಾಗ ಕಣ್ಣೆದುರು ಬರೀ ಕಲ್ಲು. ಇಳಿಯುವಾಗ ಕಾಣುವುದೆಲ್ಲ ಆಳ.

ಅದಕ್ಕೇ ಮೊದಲು ನಾಲ್ಕು ಮೆಟ್ಟಿಲು ಹತ್ತಿ, ಅಲ್ಲಿಂದಲೇ ತಿರುಗಿ ಇಳಿದು ನೋಡಿ. ಆಮೇಲೆ ಇನ್ನಷ್ಟು. ಕೈ ಗೋಡೆಯ ಮೇಲಿರಲಿ, ಹೆಜ್ಜೆ ಅಡ್ಡಡ್ಡ ಇಡಿ. ನಿಮ್ಮ ಕನ್ನಡಕದ ಕೆಳಭಾಗ ಓದುವ ಗಾಜಾಗಿದ್ದರೆ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ಗದ್ದ ತಗ್ಗಿಸಿ ಮೇಲಿನ ಗಾಜಿನಿಂದಲೇ ನೋಡಿ.

ಭಯ ಬೇರೆ, ತಲೆಸುತ್ತು ಬೇರೆ. ಭಯವಾದರೆ ಕೂತು ನಿಧಾನವಾಗಿ ಉಸಿರಾಡಿ, ತಗ್ಗುತ್ತದೆ. ಸುತ್ತಲಿನದೆಲ್ಲ ತಿರುಗಿದಂತಾದರೆ ಮಾತ್ರ ಹಟ ಬೇಡ. ಯಾರನ್ನಾದರೂ ಕರೆದು ಕೈಹಿಡಿದು ಇಳಿಯಿರಿ, ಡಾಕ್ಟರಿಗೆ ತೋರಿಸಿ. ಬಿಪಿ ಮಾತ್ರೆಯಿಂದಲೂ ಹಾಗಾಗುವುದುಂಟು.

ನಮ್ಮ ಬೇಸಿಗೆಯ ಬಿಸಿಲು 42 ಡಿಗ್ರಿ ದಾಟುತ್ತದೆ, ಚಳಿಗಾಲದ ಬೆಳಗ್ಗೆಯೇ ಹೋಗಿ. ಎಷ್ಟು ಹೊತ್ತಿಗೆ ಮರಳುತ್ತೀರೆಂದು ಮನೆಯಲ್ಲಿ ಹೇಳಿಡಿ. ಅಂಚಿನಲ್ಲಿ ನಿಂತು ಸೆಲ್ಫಿಯಂತೂ ಬೇಡವೇ ಬೇಡ.